ನೆಲದ ಮೇಲೆ ಕೂತು ನೋಡಿ ತಂದ ಟಿವಿ

ಹಳೆಯ ಟಿವಿ ಕೆಟ್ಟ ಮೇಲೆ ರಾಮಾಂಜಿನಮ್ಮನವರ ಬೆಳಗಿನ ಪೂಜೆ ಅರ್ಧಕ್ಕೇ ನಿಂತ ಹಾಗಾಗಿತ್ತು. ಪರದೆ ದಿನದಿಂದ ದಿನಕ್ಕೆ ಮಂಕಾಗುತ್ತಾ ಬಂದಿತ್ತು. ಕೊನೆಗೆ ಮಂತ್ರ ಕೇಳಿಸುತ್ತಿತ್ತು, ದೇವರು ಕಾಣುತ್ತಿರಲಿಲ್ಲ. ಹತ್ತಿರದ ಸೋಮಂದೇಪಲ್ಲಿಯಿಂದ ಬಂದ ರಿಪೇರಿಯವನು ಹಿಂದಿನ ಮುಚ್ಚಳ ತೆಗೆದು ನೋಡಿ, "ಟ್ಯೂಬು ಸತ್ತೋಗೈತೆ ಕಣಮ್ಮ. ಇದಕ್ಕೆ ಹಾಕೋ ದುಡ್ಡಿಗೆ ಹೊಸದೇ ತಗೊಳ್ಳಿ" ಎಂದು ಹೇಳಿ ಹೋದ.

ಬೇರೆ ವರ್ಷವಾಗಿದ್ದರೆ ಅವರು ಇಷ್ಟು ಕಳವಳ ಪಡುತ್ತಿರಲಿಲ್ಲ. ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ಶ್ರಾವಣ ಕಳೆದ ಮೇಲೆ ಅವರ ಗಂಡ ಚೌಡಣ್ಣ ತೀರಿಕೊಂಡಿದ್ದರು. ವರ್ಷ ತುಂಬುವವರೆಗೆ ಸಾವಾದ ಮನೆಯವರು ಗುಡಿಯ ಮೆಟ್ಟಿಲು ಹತ್ತಬಾರದು ಎಂಬುದು ಆ ಮನೆತನದ ಕಟ್ಟಳೆ. ಮದುವೆಯಾದಂದಿನಿಂದ ಗಂಡ ಹೆಂಡತಿ ಒಂದು ವೈಕುಂಠ ಏಕಾದಶಿಯನ್ನೂ ತಪ್ಪಿಸದೆ ವೆಂಕಟರಮಣನ ದರ್ಶನ ಮಾಡಿದ್ದರು. ಈ ಸಲದ ಏಕಾದಶಿ ಹತ್ತಿರ ಬರುತ್ತಿತ್ತು. ಗುಡಿಗೆ ಹೋಗುವಂತಿಲ್ಲ. ಟಿವಿಯಲ್ಲಿ ತೋರಿಸುವ ಪೂಜೆಯನ್ನಾದರೂ ನೋಡೋಣವೆಂದರೆ ಟಿವಿಯೇ ಇಲ್ಲ.

"ಹೋಗ್ಲಿ ಬಿಡಪ್ಪ, ಕಣ್ಮುಚ್ಕೊಂಡು ನೆನೆಸ್ಕೋತೀನಿ" ಎಂದು ಅವರು ಮಗನಿಗೆ ಹೇಳಿದರು. ಆದರೆ ಬೆಳಿಗ್ಗೆ ಎದ್ದರೆ ಆ ಕಪ್ಪು ಪರದೆಯ ಎದುರಿಗೇ ಹೋಗಿ ಕೂರುತ್ತಿದ್ದರು.

ಮಗ ಮುರಳಿಕೃಷ್ಣ ಹಿಂದೂಪುರದ ಹುಣಸೆ ಮಂಡಿಯಲ್ಲಿ ಕೆಲಸಕ್ಕಿದ್ದ. ಬಂದ ಹಣ್ಣನ್ನು ನೋಡಿ ಇದು ಮೊದಲ ದರ್ಜೆ, ಇದು ಎರಡನೆಯದು ಎಂದು ಬೇರೆ ಮಾಡುವುದು ಅವನ ಕೆಲಸ. ಏಕಾದಶಿಯೊಳಗೆ ಹೊಸ ಟಿವಿ ತರಲೇಬೇಕೆಂದು ಅವನು ಮನಸ್ಸು ಮಾಡಿದ. ಗೋಡೆಗೆ ಹಾಕುವ ತೆಳು ಟಿವಿಯೇ ಆಗಬೇಕೆಂಬುದಕ್ಕೆ ಹೆಂಡತಿ ಶ್ರೀಲತಾಳ ಒಪ್ಪಿಗೆಯೂ ಇತ್ತು. ಯಾವ ಕಂಪನಿಯದು ಎಂಬಲ್ಲಿ ಮಾತ್ರ ಜಗಳ.

"ತಗೊಂಡ್ರೆ ಹೆಸರಿರೋ ಕಂಪನೀದೇ ತಗೊಳ್ಳೋದು" ಎಂದ ಮುರಳಿ. "ಊರೆಲ್ಲಾ ಕೇಳಿರೋ ಹೆಸರು. ಅದ್ರಲ್ಲಿ ನೋಡೋದೇನೈತೆ?"

ಶ್ರೀಲತಾಳ ತವರು ಕಲ್ಯಾಣದುರ್ಗ. "ಹೆಸರನ್ನ ಗೋಡೆಗೆ ನೇತಾಕ್ಕೊಂಡು ನೋಡ್ತೀರಾ?" ಎಂದಳು. "ನಮ್ಮಣ್ಣ ಗಂಗರಾಜು ಯಾರೂ ಕೇಳದ ಕಂಪನೀದು ತಂದವ್ನೆ. ನೀವು ಹೇಳೋ ಟಿವಿಗಿಂತ ಒಂದು ಗೇಣು ದೊಡ್ಡದು, ಬೆಲೇನೂ ಕಮ್ಮಿ. ಎಷ್ಟು ಚೆನ್ನಾಗೈತೆ ಗೊತ್ತಾ?"

"ನಿಮ್ಮಣ್ಣ ಎತ್ತು ತಂದ್ರೂ ಇಂಗೇ ಹೇಳ್ತೀಯ."

"ಎತ್ತೂ ಚೆನ್ನಾಗೇ ಐತೆ!"

ರಾಮಾಂಜಿನಮ್ಮ ಇದರಲ್ಲಿ ಬಾಯಿ ಹಾಕಲಿಲ್ಲ. ಒಂದು ಮಾತು ಮಾತ್ರ ಹೇಳಿದರು. "ಯಾವುದಾದ್ರೂ ತಗೊಳ್ಳಿ. ಅದು ದೇವ್ರು ಬರೋ ಪೆಟ್ಟಿಗೆ. ನಡುಮನೇಲಿ ಎಲ್ಲಾ ಮಲಗ್ತೀವಿ, ಕಾಲು ಆ ಕಡೆ ಬಂದ್ಬುಟ್ರೆ ಪಾಪ. ದೇವ್ರ ಪಟದ ಸಮಕ್ಕೆ ಮೇಲೆ ಹಾಕ್ರಪ್ಪ."

ಆ ಹೊತ್ತಿಗೆ ಗೋರಂಟ್ಲದಿಂದ ನಾಗರತ್ನ ಬಂದಳು. ಚೌಡಣ್ಣನವರ ಅಕ್ಕನ ಮಗಳು ಅವಳು. ಗೋರಂಟ್ಲದ ಮಹಿಳಾ ಸಂಘದಲ್ಲಿ ಗ್ರಾಹಕರ ತಿಳುವಳಿಕೆಯ ಸಭೆಗಳನ್ನು ನಡೆಸುತ್ತಿದ್ದಳು. ಅತ್ತೆಯನ್ನು ಮಾತಾಡಿಸಿಕೊಂಡು ಹೋಗಲು ಬಂದವಳು ಜಗಳ ಕೇಳುತ್ತಾ ಕೂತಳು.

"ಭಾವ, ಒಂದ್ಮಾತು ಕೇಳ್ತೀನಿ. ಮಂಡಿಗೆ ಹಣ್ಣು ಬಂದಾಗ ಯಾರ ತೋಪಿಂದು ಅಂತ ಹೆಸರು ಕೇಳಿ ದರ್ಜೆ ಹಾಕ್ತೀಯಾ?"

"ಹೆಸರು ಕೇಳಿ ಯಾರಾದ್ರೂ ಹಾಕ್ತಾರಾ? ಮೂಟೆ ತಳಕ್ಕೆ ಕೈ ಹಾಕಿ ಎಳೀತೀನಿ. ಮೇಲೆ ಹೊನ್ನಿನಂಗಿರ್ತೈತೆ, ತಳದಲ್ಲಿ ಬೀಜ, ನಾರು ತುಂಬಿರ್ತಾರೆ."

"ಕಮ್ಮಿಗೆ ಕೊಡ್ತೀನಿ ಅಂದ್ರೆ?"

"ಕಮ್ಮಿ ಅಂದ್ರೆ ಇನ್ನೂ ಆಳಕ್ಕೆ ಕೈ ಹಾಕ್ತೀನಿ."

"ಮತ್ತೆ ಟಿವಿ ಅಂದಾಗ ಮಾತ್ರ ಆ ಕೈ ಯಾಕೆ ನೆಟ್ಟಗೆ ಜೇಬಿಗೇ ಹೋಯ್ತದೆ?"

ಮುರಳಿಗೆ ನಗು ಬಂತು. "ಟಿವಿಗೆ ತಳ ಎಲ್ಲೈತೆ ನಾಗರತ್ನ?"

"ಐತೆ. ಈ ಟಿವಿ ನೋಡೋರು ಯಾರು? ಎಲ್ಲಿ ಕೂತ್ಕೊಂಡು ನೋಡ್ತಾರೆ? ಕೆಟ್ಟರೆ ಯಾರು ಸರಿ ಮಾಡ್ತಾರೆ? ಅದೇ ತಳ. ನಾಳೆ ಹೋಗೋಣ. ಅತ್ತೇನೂ ಬರ್ಲಿ."

ರಾಮಾಂಜಿನಮ್ಮ ತಲೆಯಾಡಿಸಿದರು. "ವರ್ಷ ತುಂಬದೋಳು ಹೊಸ ಸಾಮಾನು ತರೋಕೆ ಬರ್ಬಾರ್ದಮ್ಮ. ನೀವೇ ಹೋಗಿ ಬನ್ನಿ."

"ಹಿರೀಕರು ಬೇಡ ಅಂದಿರೋದು ಗುಡಿ ಮೆಟ್ಟಿಲು. ಅಂಗಡಿ ಮೆಟ್ಟಿಲಿಗೆ ಯಾರೂ ಅಡ್ಡಿ ಹೇಳಿಲ್ಲ ಅತ್ತೆ. ದೇವ್ರನ್ನ ನೋಡೋಳು ನೀನು. ನೀನು ಬರ್ದೆ ಇವ್ರಿಬ್ರು ಏನು ನೋಡಿ ತತ್ತಾರೆ?"

ಮರುದಿನ ನಾಲ್ವರೂ ಬಸ್ಸಿನಲ್ಲಿ ಹಿಂದೂಪುರಕ್ಕೆ ಹೋದರು. ಅಂಗಡಿಯ ಯಜಮಾನರು ಸೋಮಶೇಖರಪ್ಪ. ಗೋಡೆಯ ತುಂಬ ತೆಳು ಟಿವಿಗಳು. ಎಲ್ಲದರಲ್ಲಿಯೂ ಗಿಳಿ, ಹೂವು, ನೀಲಿ ಸಮುದ್ರ. ಮುರಳಿ ಹೆಸರಿನ ಕಂಪನಿಯ ಟಿವಿಯ ಎದುರು ನಿಂತು, "ನೋಡ್ರಿ, ಗಿಳಿ ಗರಿ ಎಣಿಸ್ಬೋದು" ಎಂದ.

"ಗಿಳಿ ನೋಡೋಕೆ ಬಂದಿಲ್ಲ ಭಾವ" ಎಂದಳು ನಾಗರತ್ನ. "ಸಾರ್, ಇದು ಕಂಪನಿಯೋರು ಕೊಟ್ಟಿರೋ ಸಿ.ಡಿ. ನಮ್ಮನೇಗೆ ಬರೋದು ಡಿಶ್ಶಿಂದ. ಸಿ.ಡಿ. ತೆಗೆದು ಡಿಶ್ ಹಾಕಿ. ದೇವ್ರ ಪೂಜೆ ಬರೋ ಚಾನೆಲ್ ತೋರ್ಸಿ."

ಸೋಮಶೇಖರಪ್ಪ ಹಾಗೆಯೇ ಮಾಡಿದರು. ಗಿಳಿಯ ಹೊಳಪು ಹೋಗಿ, ಗರ್ಭಗುಡಿಯ ಮಂದ ಬೆಳಕು ಬಂತು. ಎರಡು ದೀಪ, ತುಳಸಿಮಾಲೆ, ಕಪ್ಪು ಶಿಲೆಯ ವೆಂಕಟರಮಣ. ನಿಂತು ನೋಡಿದ ಎಲ್ಲರಿಗೂ ಚೆನ್ನಾಗಿಯೇ ಕಂಡಿತು. ರಾಮಾಂಜಿನಮ್ಮ ಕೈ ಮುಗಿದರು. ಸೆರಗು ಹೊದ್ದುಕೊಂಡು, ಅಂಗಡಿಯ ನೆಲದ ಮೇಲೆ ಕಾಲು ಮಡಿಸಿ ಕೂತುಬಿಟ್ಟರು.

"ಅಯ್ಯೋ ದೊಡ್ಡಮ್ಮಾ, ಕುರ್ಚಿ ಐತಲ್ಲಾ! ಕುರ್ಚಿ ಹಾಕ್ತೀನಿ ಇರಿ" ಎಂದು ಸೋಮಶೇಖರಪ್ಪ ಗಾಬರಿಯಾದರು. ಬೇರೆ ಗಿರಾಕಿಗಳು ನಕ್ಕರು.

"ದೇವ್ರ ಮುಂದೆ ಕುರ್ಚಿ ಯಾಕಪ್ಪಾ? ಮನೇಲಿ ನಾನು ಕೂರೋದು ಇಂಗೇ."

"ಏಳಮ್ಮ, ಜನ ನೋಡ್ತವ್ರೆ" ಎಂದ ಮುರಳಿ.

ರಾಮಾಂಜಿನಮ್ಮ ಏಳಲಿಲ್ಲ. ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದರು. "ಮುರಳಿ, ದೇವ್ರ ಮುಖ ಎಲ್ಲೋಯ್ತಪ್ಪಾ?"

"ಅಲ್ಲೇ ಐತಲ್ಲಮ್ಮ."

"ಇಲ್ಲ ಕಣಪ್ಪ. ದೀಪ ಕಾಣ್ತೈತೆ, ಮಾಲೆ ಒಂದು ಚೂರು ಕಾಣ್ತೈತೆ. ಮುಖ ಇಲ್ಲ."

ಮುರಳಿ ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಿಜ. ದೇವರ ಮುಖವಿದ್ದಲ್ಲಿ ಮಸಿ ಬಳಿದ ಹಾಗಿತ್ತು. ಎದ್ದು ನಿಂತ, ಮುಖ ಬಂತು. ಕೂತ, ಮುಖ ಹೋಯಿತು. ಮತ್ತೆ ಎದ್ದ, ಮತ್ತೆ ಕೂತ.

"ಬಸ್ಕಿ ಹೊಡೆಯೋದಾದ್ರೆ ಕಿವಿ ಹಿಡ್ಕೊಂಡು ಹೊಡಿ ಭಾವ, ದೇವ್ರ ಮುಂದೆ ಇದ್ದೀಯ" ಎಂದಳು ನಾಗರತ್ನ.

ಸೋಮಶೇಖರಪ್ಪ ಮುಚ್ಚಿಡುವ ಮನುಷ್ಯರಲ್ಲ. "ತೆಳು ಟಿವಿಗಳಲ್ಲಿ ಕೆಲವು ಹಿಂಗೇನೆ. ನೇರ ನೋಡಿದ್ರೆ ಸೊಗಸು, ಕೆಳಗಿಂದ ನೋಡಿದ್ರೆ ಕಪ್ಪು. ಹಳೇ ಡಬ್ಬಾ ಟಿವಿಗೆ ಈ ತೊಂದ್ರೆ ಇರ್ಲಿಲ್ಲ. ಇದೇ ಕಂಪನೀಲಿ ಇನ್ನೊಂದು ಮಾಡೆಲ್ ಐತೆ, ಅದ್ರಲ್ಲಿ ಎಲ್ಲಿಂದ ನೋಡಿದ್ರೂ ಕಾಣ್ತೈತೆ. ಅದ್ರ ಬೆಲೆ ಮಾತ್ರ ಇದ್ರ ಎರಡರಷ್ಟು." ಅವರು ಟಿವಿಯನ್ನು ಕೈಯಿಂದ ಮುಂದಕ್ಕೆ ಬಗ್ಗಿಸಿಯೂ ತೋರಿಸಿದರು. ದೇವರ ಗದ್ದಕ್ಕೆ ಹಚ್ಚಿದ ಬಿಳಿಯ ಕರ್ಪೂರ ಕಂಡಿತು. ಉಳಿದ ಮುಖ ಕಾಣಲಿಲ್ಲ.

ಈಗ ಶ್ರೀಲತಾಳಿಗೆ ಹುರುಪು. ಅಣ್ಣನ ಮನೆಯ ಕಂಪನಿಯ ಟಿವಿ ಅದೇ ಗೋಡೆಯಲ್ಲಿತ್ತು. "ಇದ್ರ ಮುಂದೆ ಕೂರಿ ಅತ್ತೆ" ಎಂದಳು. ರಾಮಾಂಜಿನಮ್ಮ ಸರಿದು ಕೂತರು. ಮುಖ ಸ್ಪಷ್ಟವಾಗಿ ಕಂಡಿತು.

"ನೋಡಿದ್ರಾ? ಇನ್ನೇನು, ಕಟ್ಟಿಸಿ!"

"ತಡಿಯಮ್ಮ" ಎಂದಳು ನಾಗರತ್ನ. "ಸಾರ್, ಇದು ಕೆಟ್ಟರೆ?"

"ಹಿಂದೂಪುರದಲ್ಲಿ ಇವ್ರ ರಿಪೇರಿ ಇಲ್ಲಮ್ಮ. ನಾನೇ ಬೆಂಗಳೂರಿಗೆ ಕಳಿಸ್ತೀನಿ. ವಾಪಸ್ ಬರೋದು ಯಾವಾಗ ಅನ್ನೋದು ನನ್ ಕೈಲಿಲ್ಲ."

ಶ್ರೀಲತಾ ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದಳು. ಗಂಗರಾಜುವಿನ ಗಂಟಲು ಎಲ್ಲರಿಗೂ ಕೇಳುವಷ್ಟು ದೊಡ್ಡದು. "ಕೆಟ್ಟಿತ್ತಾ ಅಂತೀಯಾ? ಸಿಡಿಲು ಬಡಿದಾಗ ಒಂದ್ಸಲ ಹೋಗಿತ್ತಮ್ಮ. ನಮ್ಮ ಬೀದಿ ತುದೀಲೇ ಆ ಕಂಪನಿ ರಿಪೇರಿ ಅಂಗಡಿ ಐತಲ್ಲ, ಹೊತ್ಕೊಂಡೋದೆ, ಸಂಜೆಗೆ ಕೊಟ್ರು. ಅದಕ್ಕೇ ಅಲ್ವಾ ಇದನ್ನ ತಗೊಂಡಿದ್ದು!"

ಶ್ರೀಲತಾ ಫೋನು ಇಟ್ಟಳು. "ಅಂದ್ರೆ ಕಲ್ಯಾಣದುರ್ಗಕ್ಕೆ ಇದು ಸರಿ. ನಮ್ಮೂರಿಗೆ ಅಲ್ಲ" ಎಂದು ಮೆಲ್ಲಗೆ ಅಂದಳು.

"ನಿಮ್ಮಣ್ಣ ಜಾಣನೇ ಕಣೇ" ಎಂದ ಮುರಳಿ. "ಟಿವಿ ನೋಡೋಕೆ ಮುಂಚೆ ಬೀದಿ ತುದಿ ನೋಡವ್ನೆ. ಇವತ್ತು ಒಪ್ಕೊಂಡೆ."

ಮೂಲೆಯಲ್ಲಿ ಇನ್ನೊಂದು ಟಿವಿ ಇತ್ತು. ಅದರ ಕಂಪನಿಯ ಹೆಸರನ್ನು ನಾಲ್ವರಲ್ಲಿ ಯಾರೂ ಕೇಳಿರಲಿಲ್ಲ. ಗಾತ್ರವೂ ಸ್ವಲ್ಪ ಸಣ್ಣದು. ಆದರೆ ನೆಲದಿಂದ ನೋಡಿದರೆ ದೇವರ ಮುಖ ಕಾಣುತ್ತಿತ್ತು. ನಾಗರತ್ನ ಹಿಂಬದಿಯ ಚೀಟಿ ಓದಿದಳು. ಕರೆಂಟು ಇಳಿದಾಗಲೂ ಏರಿದಾಗಲೂ ತಡೆದುಕೊಳ್ಳುತ್ತದೆ ಎಂದಿತ್ತು. ಹಳ್ಳಿಯ ಕರೆಂಟಿಗೆ ಅದು ಮುಖ್ಯ. ರಿಪೇರಿ ಹಿಂದೂಪುರದಲ್ಲಿಯೇ, ರೈಲ್ವೆ ಸ್ಟೇಷನ್ನಿನ ಹತ್ತಿರ ಇದೆ ಎಂದರು ಸೋಮಶೇಖರಪ್ಪ.

"ಐತೆ ಅಂದ್ರೆ ಸಾಲದು, ತಳಕ್ಕೆ ಕೈ ಹಾಕ್ಬೇಕು" ಎಂದು ಈಗ ಮುರಳಿಯೇ ಹೊರಟ. ನಾಗರತ್ನ ಜೊತೆಗೆ ಹೋದಳು. ಅಂಗಡಿ ತೆರೆದಿತ್ತು. ಮೇಜಿನ ಮೇಲೆ ಅದೇ ಕಂಪನಿಯ ಟಿವಿಯೊಂದನ್ನು ಬಿಚ್ಚಿ ಕೂತಿದ್ದರು. ಬಾಗಿಲಲ್ಲಿ ಕಾಯುತ್ತಿದ್ದ ಗಿರಿಯಪ್ಪ ಎಂಬ ರೈತರನ್ನು ಮುರಳಿ ವಿಚಾರಿಸಿದ.

"ನಿನ್ನೆ ತಂದ್ಕೊಟ್ಟೆ, ಇವತ್ತು ಬಾ ಅಂದಿದ್ರು, ಬಂದಿದ್ದೀನಿ" ಎಂದರು ಗಿರಿಯಪ್ಪ. "ಕಾಡ್ಸೋ ಜನ ಅಲ್ಲ. ಗ್ಯಾರಂಟಿ ಕಾರ್ಡ್ ಇತ್ತು, ಕಾಸೂ ಕೇಳಿಲ್ಲ."

ಇವರು ತಿರುಗಿ ಬಂದಾಗ ರಾಮಾಂಜಿನಮ್ಮ ಇನ್ನೂ ಆ ಮೂಲೆಯ ಟಿವಿಯ ಎದುರೇ ಇದ್ದರು. ಕೂತಲ್ಲಿಂದ ಬಲಕ್ಕೆ ಮೊಳದಷ್ಟು ಸರಿದರು. ಅಲ್ಲಿಂದ ನೋಡಿದರು. ಮತ್ತೆ ಮೊದಲಿನ ಜಾಗಕ್ಕೆ ಬಂದರು.

"ಏನತ್ತೆ, ಕಾಣ್ತಿಲ್ವಾ?" ಎಂದು ಕೇಳಿದಳು ಶ್ರೀಲತಾ.

"ಕಾಣ್ತೈತಮ್ಮ. ನಿಮ್ಮ ಮಾವ ನಡುಮನೆ ಕಂಬಕ್ಕೆ ಒರಗಿ ಕೂರ್ತಿದ್ರಲ್ಲ, ಆ ಜಾಗದಿಂದ್ಲೂ ಕಾಣ್ತೈತಾ ಅಂತ ನೋಡ್ದೆ."

ಮುರಳಿ ತಾಯಿ ಸರಿದು ಕೂತಿದ್ದ ಜಾಗದಲ್ಲಿ ತಾನೂ ಕೂತು ನೋಡಿದ. ಆಮೇಲೆ ಎದ್ದು, "ಇದನ್ನೇ ಕಟ್ಟಿ ಸಾರ್" ಎಂದ.

"ಬಿಲ್ ಬೇಡ ಅಂದ್ರೆ ಇನ್ನೂ ಸ್ವಲ್ಪ ಬಿಟ್ಟುಕೊಡ್ತೀನಿ" ಎಂದರು ಸೋಮಶೇಖರಪ್ಪ, ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ. ಮುರಳಿ ನಾಗರತ್ನಳ ಮುಖ ನೋಡಲೂ ಇಲ್ಲ. "ಬಿಲ್ ಕೊಡಿ. ಗ್ಯಾರಂಟಿ ಕಾರ್ಡಿಗೆ ತಾರೀಖು ಹಾಕಿ ಅಂಗಡಿ ಸೀಲ್ ಒತ್ತಿ. ಪರದೆಗೂ ಗ್ಯಾರಂಟಿ ಐತಾ, ಅದನ್ನೂ ತೋರ್ಸಿ" ಎಂದ.

ಮನೆಗೆ ಬಂದ ಟಿವಿ ದೇವರ ಪಟಗಳ ಸಮಕ್ಕೆ ಗೋಡೆಗೆ ಏರಿತು. ಶ್ರೀಲತಾ ಅರಿಶಿನ ಕುಂಕುಮ ತಂದು ಪರದೆಗೇ ಹಚ್ಚಲು ಹೋದಳು. ಹಳೆಯ ಟಿವಿಗೆ ಹಾಗೆಯೇ ಮಾಡಿದ್ದರು. ನಾಗರತ್ನ ಕೈ ಹಿಡಿದು, "ಇದು ಗಟ್ಟಿ ಗಾಜಲ್ಲಮ್ಮ, ಬೆರಳಿಂದ ಒತ್ತಿದ್ರೆ ಕಲೆ ಬೀಳ್ತೈತೆ, ಅದಕ್ಕೆ ಗ್ಯಾರಂಟೀನೂ ಇಲ್ಲ. ಚೌಕಟ್ಟಿಗೆ ಇಡು" ಎಂದಳು.

ಪಕ್ಕದ ಮನೆಯ ನಾರಮ್ಮ ನೋಡಲು ಬಂದು, "ಇದ್ಯಾವ ಕಂಪನೀನಪ್ಪ? ಹೆಸರೇ ಕೇಳಿಲ್ಲ" ಎಂದು ಮೂತಿ ತಿರುವಿದಳು.

"ಮೊದ್ಲು ಕೆಳಗೆ ಕೂತ್ಕೊಂಡು ನೋಡು ನಾರಮ್ಮಕ್ಕ. ಹೆಸರು ಆಮೇಲೆ ಹೇಳ್ತೀನಿ" ಎಂದ ಮುರಳಿ.

ಏಕಾದಶಿಯ ಬೆಳಿಗ್ಗೆ ರಾಮಾಂಜಿನಮ್ಮ ಸ್ನಾನ ಮಾಡಿ ಬಂದು ಕೂತರು. ಕಂಬದ ಬಳಿಯ ಜಾಗವನ್ನು ಬಿಟ್ಟೇ ಕೂತರು. ಮನೆಯವರೂ ಅಲ್ಲಿ ಕೂರಲಿಲ್ಲ. ಮಂಗಳಾರತಿಯ ಬೆಳಕಿನಲ್ಲಿ ದೇವರ ಮುಖ ಬಂತು. ಗುಡಿಯ ಮೆಟ್ಟಿಲು ಹತ್ತದ ಆ ವರ್ಷದಲ್ಲಿಯೂ ಅವರ ದರ್ಶನ ತಪ್ಪಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಮುರಳಿಯ ಮನೆಗೆ ಸರಿಹೋದ ಟಿವಿಯೇ ನಿಮಗೂ ಸರಿಹೋಗಬೇಕೆಂದಿಲ್ಲ. ನಿಮಗೆ ಹೆಸರಿನ ಕಂಪನಿಯದೇ ಒಳ್ಳೆಯದಾಗಬಹುದು, ಹೆಸರಿಲ್ಲದ್ದೂ ಆಗಬಹುದು. ಹೆಸರು ದೊಡ್ಡದೆಂದು ಕಣ್ಣು ಮುಚ್ಚಿ ತರಬೇಡಿ, ಬೆಲೆ ಕಡಿಮೆಯೆಂದು ಓಡಿಹೋಗಿ ತರಬೇಡಿ. ಅಂಗಡಿಯ ಸಿ.ಡಿ. ತೆಗೆಸಿ, ನೀವು ದಿನವೂ ನೋಡುವುದನ್ನೇ ಹಾಕಿಸಿ ನೋಡಿ. ಕೆಟ್ಟರೆ ಸರಿ ಮಾಡುವವರು ನಿಮ್ಮ ಪೇಟೆಯಲ್ಲಿ ಇದ್ದಾರೆಯೇ ಎಂದು ಕಾಲಲ್ಲಿ ನಡೆದು ಹೋಗಿ ತಿಳಿಯಿರಿ. ಬಿಲ್ಲು, ಸೀಲು ಹಾಕಿದ ಗ್ಯಾರಂಟಿ ಕಾರ್ಡು ಇಲ್ಲದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ.

ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಟಿವಿ ನೋಡುವ ಹಿರಿಯರು ಇದ್ದರೆ ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಂಗಡಿಗೆ ಕರೆದುಕೊಂಡು ಹೋಗಿ, ಅಲ್ಲಿಯೇ ಕೂರಿಸಿ. ಜನ ನಕ್ಕರೆ ನಗಲಿ. ಅವರಿಗೆ ಕಾಣುತ್ತದೆಯೇ ಎಂದು ಕೇಳಿ, ಆಮೇಲೆ ಕಟ್ಟಿಸಿ.