ದುರ್ಗ ಬಿಟ್ಟ ಸಂದು

ನಾನು ಒಂದು ಗ್ರಾನೈಟ್ ಚಪ್ಪಡಿ. ಗಂಗಾವತಿ ಕಡೆಯ ಗುಡ್ಡವೊಂದರಲ್ಲಿ ಬಂಡೆಯಾಗಿ ಹಾಯಾಗಿ ಮಲಗಿದ್ದೆ. ಕಬ್ಬಿಣವನ್ನು ಆಗಷ್ಟೇ ಕಂಡಿದ್ದ ಜನ ಬಂದು ನನ್ನ ಬೆನ್ನ ಮೇಲೆ ಬೆಂಕಿ ಉರಿಸಿ, ತಣ್ಣೀರು ಸುರಿದರು. ಚಟಾರನೆ ಸೀಳಿಕೊಂಡು ಹುಟ್ಟಿದೆ. ಅಂದಿನಿಂದ ಮನುಷ್ಯರನ್ನು ಕಂಡರೆ ನನಗಾಗದು.

ಅವರ ಹಿರಿಯ ದುರ್ಗನಿಗೆ ತಲೆಗಿಂತ ನಾಲಿಗೆ ದೊಡ್ಡದು. ಸತ್ತ ಮುದುಕಿಯೊಬ್ಬಳ ಮೂಳೆಗಳನ್ನು ಗಡಿಗೆಯಲ್ಲಿ ಹೂತು, ಸುತ್ತ ಕಲ್ಲಿನ ವೃತ್ತ ಕಟ್ಟಬೇಕಿತ್ತು. ದುರ್ಗ ನಡುವೆ ಗೂಟ ಹೊಡೆದು, ಹಸಿ ತೊಗಲಿನ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಬೆಳಿಗ್ಗೆ ಗೆರೆ ಎಳೆಯತೊಡಗಿದ. ನಡುವೆ ಉಂಡು ಗೊರಕೆ ಹೊಡೆದ. ಅಷ್ಟರಲ್ಲಿ ಬಿಸಿಲಿಗೆ ತೊಗಲು ಕುಗ್ಗಿತ್ತು. ಆ ಪೆದ್ದನಿಗೆ ಅದು ಗೊತ್ತೇ ಆಗದೆ, ಎದ್ದು ಅದೇ ಗಿಡ್ಡಾದ ಹಗ್ಗದಿಂದ ಉಳಿದ ಗೆರೆ ಎಳೆದ. ಗೆರೆಗುಂಟ ಕುಣಿ ತೋಡಿ, ಮರದ ತೊಲೆಗಳಿಂದ ನಮ್ಮನ್ನು ಎತ್ತಿ ನಿಲ್ಲಿಸಿ, ಬುಡಕ್ಕೆ ಜಲ್ಲಿ ತುಂಬಿದರು. ಕೊನೆಗೆ ನೋಡಿದರೆ ವೃತ್ತದ ಎರಡು ತುದಿ ಕೂಡಿಯೇ ಇಲ್ಲ! ನನ್ನ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಸಂದು.

ಮುದುಕಿಯ ಮಗಳು ಮಾಳಿ ಅಳುತ್ತಿದ್ದಳು. "ಕಲ್ಲು ಮುಚ್ಚಿದ್ಮ್ಯಾಲ ನಮ್ಮವ್ವನ್ನ ಹೆಂಗ ನೋಡ್ಲೋ ಯಣ್ಣಾ?"

ದುರ್ಗ ಸ್ವಲ್ಪವೂ ನಾಚಲಿಲ್ಲ. "ಹುಚ್ಚಿ, ಅದು ಬಾಗ್ಲ ಐತಿ ನೋಡು. ನಿಮ್ಮವ್ವ ನಿನ್ನ ನೋಡಾಕ ಬರ್ಲಿ ಅಂತ ನಾನ ಬಿಟ್ಟೇನಿ."

ಎಂಥ ಹಸಿ ಸುಳ್ಳು! ಮಾಳಿ ನಂಬಿದಳು. ಸಂಜೆಯಾದರೆ ಸಂದಿನಲ್ಲಿ ಅಂಬಲಿ ಇಟ್ಟು, "ಬಾರವ್ವಾ" ಎಂದು ಕರೆದು, ಮನೆಯ ಸುದ್ದಿಯೆಲ್ಲ ಹೇಳುವಳು. ಯಾರೂ ಬರುತ್ತಿರಲಿಲ್ಲ. ಅಂಬಲಿ ಇರುವೆಗಳ ಪಾಲು. ಆದರೂ ಅವಳು ಹಗುರಾಗಿ ಹೋಗುತ್ತಿದ್ದಳು. ಮೂರ್ಖತನಕ್ಕೂ ಮಿತಿ ಬೇಡವೇ ಎಂದುಕೊಳ್ಳುತ್ತಿದ್ದೆ. ಅವಳು ಸತ್ತಾಗ ಅವಳ ವೃತ್ತವನ್ನು ನಮ್ಮೆದುರಿಗೇ ಕಟ್ಟಿ, ಈ ಸಂದಿಗೆ ಎದುರಾಗಿ ಇನ್ನೊಂದು ಸಂದು ಬಿಟ್ಟರು. ಈ ಸಲ ಬೇಕೆಂದೇ ಬಿಟ್ಟರು.

ಆಮೇಲೆ ಬಂದವರೂ ಅಷ್ಟರಲ್ಲೇ ಇದ್ದರು. ಒಬ್ಬ ಕುರಿಗಾರ ನನ್ನ ಮೇಲೆ ಕುಡುಗೋಲು ಮಸೆದ. ನಿಧಿಗಳ್ಳರು ನನ್ನ ಬುಡ ಅಗೆದು, ಏನೂ ಸಿಗದೆ ನನ್ನನ್ನೇ ಬೈದರು. ಪ್ರೀತಿಸುವವನೊಬ್ಬ ಬಿಳಿ ಬಣ್ಣದಲ್ಲಿ ತನ್ನ ಹುಡುಗಿಯ ಹೆಸರು ಬರೆದ, ಅದೂ ತಪ್ಪಾಗಿ. ಗೈಡ್ ಒಬ್ಬ ಪ್ರವಾಸಿಗರಿಗೆ, "ಸೂರ್ಯನ ಲೆಕ್ಕ ಹಾಕಿ ಈ ಸಂದು ಬಿಟ್ಟಾರ್ರೀ!" ಎಂದು ಬೊಗಳೆ ಬಿಟ್ಟ. ನಿದ್ದೆಯ ಲೆಕ್ಕ ಕಣಯ್ಯಾ, ನಿದ್ದೆಯ ಲೆಕ್ಕ!

ಮೊನ್ನೆ ನಮ್ಮ ಜೀರ್ಣೋದ್ಧಾರಕ್ಕೆಂದು ಗುತ್ತಿಗೆದಾರ ಗವಿಸಿದ್ದಪ್ಪ ಬಂದ. ಸಂದು ನೋಡಿ, "ಇಲ್ಲಿ ಕಲ್ಲು ಬಿದ್ದು ಹೋಗೈತಿ, ಹೊಸಾದು ನಿಲ್ಲಿಸ್ರಲೇ" ಎಂದ. ಯಂತ್ರದಲ್ಲಿ ಕೊಯ್ದ ನುಣುಪು ಕಲ್ಲೊಂದನ್ನು ನನಗೆ ಒತ್ತಿ ನಿಲ್ಲಿಸಿ ಸಿಮೆಂಟು ಬಳಿದರು.

ವೃತ್ತವೇನೋ ಕೂಡಿತು. ದುರ್ಗನ ಸುಳ್ಳು ಅಳಿಸಿತು. ನನಗೆ ಖುಷಿಯಾಗಬೇಕಿತ್ತು, ಆಗುತ್ತಿಲ್ಲ. ಸಂಜೆಯಾಯಿತು. ಎದುರಿಗೆ ಮಾಳಿಯ ವೃತ್ತದ ಸಂದು ತೆರೆದೇ ಇದೆ. ಮಾಳಿ ಬಂದರೆ ಏನೆಂದು ಹೇಳಲಿ?