ಪೇಟೆಗೆ ನಾನು ಮಾಡಿಸಿದ ರಸ್ತೆ

ನಿಜಾಮ ಸರ್ಕಾರದ ಕಾಲ. ಬೀದರಿನ ಬಲದಿಯಾಕ್ಕೆ, ಅಂದರೆ ಪುರಸಭೆಗೆ, ಕೋಟೆ ಹೊರಗಿನ ಪೇಟೆಯಿಂದ ನಾನು ಮೆಂಬರನಾಗಿ ಆರಿಸಿ ಬಂದ ದಿನ ಔರಾದದ ತನಕ ನಗಾರಿ ಕೇಳಿಸಿತು. ಬಾರಿಸಿದ್ದೂ ನಾನೇ. ಪೇಟೆಯ ನಡುಹಾದಿಯಲ್ಲಿ ಒಂದು ತಗ್ಗಿತ್ತು. ಅದರಲ್ಲಿ ಬಿದ್ದ ಎಮ್ಮೆ ಭಾಲ್ಕಿಯಲ್ಲಿ ಎದ್ದಿತೆಂದರೆ ನೀವು ನಂಬಬೇಕು; ಎಮ್ಮೆಯನ್ನು ನಾನೇ ವಿಚಾರಿಸಿದ್ದೇನೆ.

ಜಿಲ್ಲೆಗೇ ದೊಡ್ಡವರಾದ ತಾಲೂಕದಾರ ಸಾಹೇಬರಿಂದ ಹುಕುಂ ಬಂತು: ಶುಕ್ರವಾರ ಅವರ ಮೋಟಾರು ಆ ಹಾದಿ ದಾಟಬೇಕು, ಇಲ್ಲವೇ ನನ್ನ ಮೆಂಬರಗಿರಿ ಹೋಗಬೇಕು.

ಹಾಲು ಮಾರುವ ಶಾಂತಾಬಾಯಿಗೆ ಹಬ್ಬವಾಯಿತು. “ಹಾವಗೆಪ್ಪ ಮೆಂಬರ್ರ, ಕುರ್ಚಿ ಹೋದ್ರ ತಲಿ ಮ್ಯಾಲಿನ ಆ ರುಮಾಲು ನಮ್ಮನಿಗಿ ಕೊಡ್ರಿ. ಹಾಲು ಸೋಸ್ಲಿಕ್ಕ ಆಗ್ತದ.”

ನಾನು ಬಿಡುವವನೇ? ಹೊಲದ ಮೊರಂ ಮಣ್ಣು ಯಾರು ಬೇಕಾದರೂ ಹಾಕಿಸುತ್ತಾರೆ. ನಾನು ಬಾದಶಹರ ಮಣ್ಣೇ ತರಿಸಿದೆ. ಕೋಟೆಯ ಪಾಳು ಕೋಣೆಗಳಲ್ಲಿ ನೂರಾರು ವರ್ಷ ಮಳೆ ಬಿಸಿಲು ಕಾಣದೆ ಕೂತಿದ್ದ ಮಣ್ಣು! ಗಾಡಿಗಳ ಸಾಲು ಎಷ್ಟು ಉದ್ದವೆಂದರೆ, ಮೊದಲ ಗಾಡಿ ಸುರಿಯುವಾಗ ಕೊನೆಯ ಗಾಡಿಯ ಎತ್ತು ಇನ್ನೂ ಹುಟ್ಟಿರಲಿಲ್ಲ. ಗುರುವಾರ ಮಧ್ಯಾಹ್ನಕ್ಕೆ ರಸ್ತೆ ಸಿದ್ಧ.

ಪೇಟೆಯಲ್ಲಿ ಮನೆಮನೆಗೂ ಬಿದರಿ ಕೆಲಸ. ಆ ಕೆಲಸಗಾರರ ಉಸ್ತಾದ ಖಾಜಾ ಮಿಯಾ ಬಗ್ಗಿ, ರಸ್ತೆಯ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದ. ಬೆಳ್ಳಿ ಕೂರಿಸಿದ ಬಿದರಿ ಹೂಜಿಗೆ ಕಪ್ಪು ಬಣ್ಣ ಕೊಡಲು ನೀರಲ್ಲಿ ಕುದಿಸುವ ಮಣ್ಣನ್ನು ಅವರು ಆರಿಸುವುದೇ ರುಚಿ ನೋಡಿ.

“ಯಾ ಅಲ್ಲಾ! ಕೋಟಿ ಎಲ್ಲಾ ನೆಕ್ಕಿದ್ರೂ ನಮ್ಮ ಅಬ್ಬಾಗ ಇಂಥಾ ಮಣ್ಣು ಸಿಕ್ಕಿದ್ದಿಲ್ಲರೀ, ಮೆಂಬರ್ ಸಾಬ!”

“ತಗೋ ಮಿಯಾ, ನಿಂದೇ ರಸ್ತಾ,” ಎಂದೆ ಉದಾರವಾಗಿ.

ಅಷ್ಟೇ ಸಾಕಾಯಿತು. ಪೇಟೆಗೆ ಪೇಟೆಯೇ ಬುಟ್ಟಿ ಹಿಡಿದು ಬಂತು. ಶುಕ್ರವಾರ ನೋಡಿದರೆ ತಗ್ಗಿನೊಳಗೆ ಇನ್ನೊಂದು ತಗ್ಗು. ಬಗ್ಗಿದರೆ ಪಾತಾಳದವರ ಅಡುಗೆ ವಾಸನೆ.

ಮೋಟಾರು ಅಂಚಿಗೆ ನಿಂತಿತು. “ರಸ್ತಾ ಎಲ್ಲಿ?” ಸಾಹೇಬರು ಗುಡುಗಿದರು.

“ಒಲಿ ಮ್ಯಾಲ ಕುದಿಲಿಕತ್ತದರಿ,” ಎಂದಳು ಶಾಂತಾಬಾಯಿ.

ನನ್ನ ರುಮಾಲು ತಾನಾಗಿಯೇ ಸಡಿಲಾಯಿತು. ಆಗ ಖಾಜಾ ಮಿಯಾ ಓಡಿ ಬಂದು, ಆಗಷ್ಟೇ ಆ ಮಣ್ಣಿನ ನೀರಿನಲ್ಲಿ ಅದ್ದಿ ತೆಗೆದ ಎಲೆಯಡಿಕೆಯ ಪಾನದಾನವನ್ನು ಸಾಹೇಬರ ಕೈಗಿಟ್ಟ. ಬೆಳ್ಳಿ ಹೂ ಬಿಟ್ಟ ಅಮಾವಾಸ್ಯೆ! ಸಾಹೇಬರು ತಿರುಗಿಸಿ ತಿರುಗಿಸಿ ನೋಡಿದರು. ಮೋಟಾರಿನೊಳಗೆ ಇಟ್ಟುಕೊಂಡರು.

“ಹಾವಗೆಪ್ಪ, ಈ ರಸ್ತಾ ಪ್ರತಿ ವರ್ಷ ಮಾಡಿಸ್ರಿ,” ಎಂದು ಬಂದ ಹಾದಿಯಲ್ಲೇ ತಿರುಗಿದರು.

ಕುರ್ಚಿ ಉಳಿಯಿತು. ವರ್ಷಕ್ಕೊಂದು ಹೊಸ ರಸ್ತೆ ಆಗುವ ಪೇಟೆ ಇಡೀ ರಿಯಾಸತ್ತಿನಲ್ಲಿ ನಮ್ಮದೊಂದೇ. ಶಾಂತಾಬಾಯಿ ಮಾತ್ರ ಇನ್ನೂ ಆ ತಗ್ಗು ತಪ್ಪಿಸಲು ಹೊಲ ಸುತ್ತು ಹಾಕಿ ಹಾಲು ತರುತ್ತಾಳೆ. ಅಭಿವೃದ್ಧಿ ಕೆಲವರ ಕಣ್ಣಿಗೆ ಕಾಣುವುದೇ ಇಲ್ಲ.