ಶೈಲಾಳನ್ನು ಕರೆತರುವ ಗಾಡಿ

ಸಿದ್ರಾಮನ ಕ್ಯಾಬು ನಡುರಸ್ತೆಯಲ್ಲಿ ಕೈಕೊಟ್ಟಿದ್ದನ್ನು ವೈಟ್‌ಫೀಲ್ಡಿನಲ್ಲಿ ಕಂಡವರಿಲ್ಲ. ಕೊಡಲು ಅವನು ಬಿಟ್ಟರೆ ತಾನೇ! ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್, ಮೂವತ್ತಕ್ಕೆ ಬ್ರೇಕ್ ಪ್ಯಾಡ್, ನಲವತ್ತೈದಕ್ಕೆ ಟೈರು ಎಂದು ಐದು ವರ್ಷದಾಚೆಯದನ್ನೂ ಪುಸ್ತಕದಲ್ಲಿ ಬರೆದಿಟ್ಟ ಪುಣ್ಯಾತ್ಮ ಅವನು. ಓಡಿದ ಪ್ರತಿ ಕಿಲೋಮೀಟರಿಗೆ ಎರಡು ರೂಪಾಯಿ ಬೇರೆ ತೆಗೆದಿಡುತ್ತಿದ್ದ. ಉಳಿದ ಡ್ರೈವರುಗಳು ಗಾಡಿ ಕೆಟ್ಟಾಗ ಸಾಲಕ್ಕೆ ಓಡಾಡಿದರೆ, ಇವನು ಕೆಡುವ ಮೊದಲೇ ಗ್ಯಾರೇಜಿನಲ್ಲಿ ಕೂತಿರುತ್ತಿದ್ದ.

ಆದರೆ ಅವನ ಜೊತೆ ಕೂತು ಊಟ ಮಾಡುವವರು ಯಾರೂ ಇರಲಿಲ್ಲ. ಹೆಂಡತಿ ಮಹಾನಂದಾ ಸಿಂದಗಿ ಕಡೆಯ ಊರಲ್ಲಿ, ಮಗಳು ಶೈಲಾ ಇಂಡಿ ಊರಿನ ಗಂಡನ ಮನೆಯಲ್ಲಿ, ಇವನು ಬೆಂಗಳೂರಲ್ಲಿ ವೆಂಕಟಮ್ಮನವರ ವಠಾರದ ಒಂಟಿ ರೂಮಿನಲ್ಲಿ. ಆರು ವರ್ಷವಾಯಿತು. ಕೆಲವು ದಿನ ಗಾಡಿ ಹತ್ತಿದ ಕಂಪನಿಯವರ ಓಟಿಪಿ ಕೇಳಿದ್ದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತೇ ಹೊರಡುತ್ತಿರಲಿಲ್ಲ.

ಈಗ ಶೈಲಾಗೆ ಏಳು ತಿಂಗಳು. ಬುಧವಾರ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ; ಅದಾದ ಮೇಲೆ ಹೆರಿಗೆಗೆ ತವರಿಗೆ ಕರೆತರಬೇಕು. ಕರೆತರುವುದು ಅಪ್ಪನ ಹಕ್ಕು, ಅದೂ ಸ್ವಂತ ಗಾಡಿ ಇರುವ ಅಪ್ಪನದು. ಅದರ ಮುಂದಿನ ಸೋಮವಾರ ಅವಳ ಬಾಗಿಲಿಗೆ ಗಾಡಿ ನಿಲ್ಲಿಸಬೇಕೆಂದು ಸಿದ್ರಾಮ ತೀರ್ಮಾನಿಸಿದ್ದ. ಹಾಗೆಂದು ಯಾರಿಗೂ ಹೇಳಲಿಲ್ಲ. ಕೆಲಸ ಮುಗಿಯದೆ ಬಾಯಿ ಬಿಡುವ ಜಾತಿಯಲ್ಲ ಅದು. "ಯಾವಾಗ ಬರ್ತೀರಿ?" ಎಂದು ಮಹಾನಂದಾ ಮೂರು ಸಲ ಕೇಳಿದಳು, "ನೋಡೂಣು" ಎಂದು ಮೂರು ಸಲ ಅಂದ.

ಗುರುವಾರ ಹೂಡಿಯ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ನರೇಶ್ ಟೈರು ಸವರಿ ನೋಡಿ, "ಅಣ್ಣಾ, ಇನ್ನೂ ನಾಕು ಸಾವಿರ ಆರಾಮಾಗಿ ಓಡುತ್ತೆ. ನಿಮ್ ಪುಸ್ತಕದಲ್ಲೂ ಅಷ್ಟೇ ಇದೆಯಲ್ಲ, ಈಗ್ಲೇ ಯಾಕೆ?" ಎಂದ.

"ಹಾಕಪಾ ನಾಕೂ. ಸಸ್ಪೆನ್ಶನ್ನೂ ಹೊಸಾದು ಹಾಕು. ಬಸುರಿ ಮಗಳು ಕೂಡ್ತಾಳ."

ಪುಸ್ತಕ ಮೀರಿದ್ದು ಅದೇ ಮೊದಲು. ಮೀರಿದ್ದಕ್ಕೆ ಅವನಿಗೆ ಖುಷಿಯಾಗಿತ್ತು, ಸುಳ್ಳೇಕೆ? ನಾಲ್ಕೂ ಟೈರು, ಸಸ್ಪೆನ್ಶನ್ನು ಕೂತ ಮೇಲೆ, ಇನ್ನು ಹೇಳಬಹುದೆಂದು ಶೈಲಾಗೆ ಫೋನ್ ಮಾಡಿದ. ಅವನು ಬಾಯಿ ತೆರೆಯುವ ಮೊದಲೇ ಅವಳಂದಳು: "ಅಪ್ಪಾ, ಈಗಷ್ಟ ತವರಿಗೆ ಬಂದು ಮುಟ್ಟಿದ್ವಿ. ಕಾಕಾ ಬಾಡಿಗಿ ಜೀಪ್ ತಂದಿದ್ದ."

"ನನಗೊಂದು ಮಾತ ಹೇಳಬೇಕಿಲ್ಲೇನವಾ?"

"ನಿನ್ನ ಗಾಡಿ ಹ್ಯಾಂಗ ಕೇಳ್ಲಿ ಅಪ್ಪಾ? ಮದಿವಿಗಿಂತ ಮೊದಲ ನಾ ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್ ತೋರಸು ಅಂದ್ರ, ಬಾಡಿಗಿ ಇಲ್ದ ಓಡಸಿದ್ರ ಗಾಡಿ ಸವೀತೈತಿ ಅಂತ ಬಸ್ಸಿನ್ಯಾಗ ಕರ್ಕೊಂಡು ಹೋದಿ. ಅವತ್ತ ತಿಳೀತು, ಅದು ನಮಗಲ್ಲ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದ. "ಜೀಪಿನ್ಯಾಗ ಭಾಳ ಎತ್ತಿ ಹಾಕಿತು, ನಡಾ ನೋಯ್ತದ. ನೀ ಯಾಕ ಫೋನ್ ಮಾಡಿದ್ದಿ?"

"ಸುಮ್ನ ಮಾಡಿದ್ನಿ. ಮಲಕೋ ಹೋಗವಾ."

ದುಡ್ಡು ಕೊಟ್ಟು ಗಾಡಿ ಹೊರತೆಗೆದ. ಹೂಡಿಯ ರಸ್ತೆಯಾದ್ಯಂತ ಮೆಟ್ರೋ ಕಾಮಗಾರಿಯ ಕಾಲದ ಹೊಂಡಗಳು. ಬೇಕೆಂದೇ ಒಂದರಲ್ಲಿ ಇಳಿಸಿ ನೋಡಿದ, ಇನ್ನೊಂದರಲ್ಲಿ ಇಳಿಸಿದ. ಕನ್ನಡಿಯಲ್ಲಿ ಹಿಂದಿನ ಸೀಟು ಒಂಚೂರೂ ಕುಲುಕಲಿಲ್ಲ. ಏಳು ತಿಂಗಳ ಬಸುರಿ ಅಲ್ಲಿ ಕೂತಿದ್ದರೂ ನಿದ್ದೆ ಹೋಗಿರುತ್ತಿದ್ದಳು.